ಪಿಕಪ್ ಮತ್ತು ಜೀಪುಗಳ ಎಂಜಿನ್ ಬದಲಾವಣೆ, ಮಾರ್ಪಾಡು ಹಾಗೂ ಟ್ರೈಲರ್ ಜೋಡಣೆ: ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಪೀಠಿಕೆ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳು ಮಲೆನಾಡಿಗೆ ಸೇರಿದ್ದು, ಇಲ್ಲಿ ಅಡಿಕೆ, ಕಾಫಿ, ಕಾಳುಮೆಣಸು ಮತ್ತು ಗೊಬ್ಬರದ ಸಾಗಣೆಯು ಬಹುಪಾಲು ಪಿಕಪ್ ಮತ್ತು ಜೀಪುಗಳನ್ನೇ ಅವಲಂಬಿಸಿದೆ. ತೋಟದ ಕಚ್ಚಾ ರಸ್ತೆ, ದೀರ್ಘ ಮಳೆಗಾಲ, ಶೃಂಗೇರಿಯಿಂದ ಕೆರೆಕಟ್ಟೆ ಮೂಲಕ ಕಾರ್ಕಳಕ್ಕೆ ಇಳಿಯುವ ಮಾರ್ಗ ಮತ್ತು ಆಗುಂಬೆ ಘಾಟಿಯ ತಿರುವುಗಳು ವಾಹನದ ಶಕ್ತಿಯನ್ನು ಪರೀಕ್ಷಿಸುತ್ತವೆ. ಈ ಕಾರಣದಿಂದ ಎಂಜಿನ್ ಬದಲಿಸುವ, ಸ್ಪ್ರಿಂಗ್ ಪ್ಲೇಟು ಹೆಚ್ಚಿಸುವ ಮತ್ತು ಟ್ರೈಲರ್ ಜೋಡಿಸುವ ಬಗ್ಗೆ ಮಾಲೀಕರಲ್ಲಿ ಹಲವು ಅಭಿಪ್ರಾಯಗಳಿವೆ. ಅವುಗಳ ಪೈಕಿ ಕಾನೂನು ಒಪ್ಪುವುದು ಯಾವುದು, ಒಪ್ಪದಿರುವುದು ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

1. ಎಂಜಿನ್ ಕುರಿತ ಅಭಿಪ್ರಾಯಗಳು

ಹಳೆಯ ಡೀಸೆಲ್ ಎಂಜಿನ್ನನ್ನು ಊರಿನ ಮೆಕ್ಯಾನಿಕ್ ಸಾಧಾರಣ ಸಲಕರಣೆಗಳಿಂದಲೇ ದುರಸ್ತಿ ಮಾಡಬಲ್ಲನೆಂಬುದು ಅನೇಕ ಮಾಲೀಕರ ಅನುಭವ. ಹೊಸ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಇಂಧನದ ಪೂರೈಕೆಯನ್ನು ಎಲೆಕ್ಟ್ರಾನಿಕ್ ಘಟಕವು ನಿಯಂತ್ರಿಸುವುದರಿಂದ ದೋಷ ಪತ್ತೆಗೆ ಪ್ರತ್ಯೇಕ ಉಪಕರಣ ಬೇಕಾಗುತ್ತದೆ. ಆದರೆ ಇವು ಕಡಿಮೆ ಹೊಗೆ ಬಿಡುತ್ತವೆ. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಮಾನದಂಡ ಜಾರಿಯಾಗಿದ್ದು, ಆ ಮಾನದಂಡದ ವಾಹನದಿಂದ ಹೊಗೆ ಶುದ್ಧೀಕರಣ ಘಟಕವನ್ನು ಕಳಚುವುದು ಅಥವಾ ಅದಕ್ಕೆ ಹಳೆಯ ಎಂಜಿನ್ ಕೂರಿಸುವುದು ಸಲ್ಲದು.

ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸುವ ರೂಢಿ ಹಿಂದೆ ವ್ಯಾಪಕವಾಗಿತ್ತು. ಹಳೆಯ ಜೀಪನ್ನು ಕೊಳ್ಳುವವರು ವಾಹನದಲ್ಲಿರುವ ಎಂಜಿನ್ ಸಂಖ್ಯೆ ಮತ್ತು ಇಂಧನದ ವಿಧವು ನೋಂದಣಿ ಪತ್ರದೊಂದಿಗೆ ತಾಳೆಯಾಗುವುದೇ ಎಂಬುದನ್ನು ಹಣ ಪಾವತಿಸುವ ಮೊದಲೇ ಪರಿಶೀಲಿಸತಕ್ಕದ್ದು.

2. ಮಾರ್ಪಾಡಿಗೆ ಸಂಬಂಧಿಸಿದ ಕಾನೂನು

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಈ ನಿಯಮವನ್ನು ಎತ್ತಿಹಿಡಿದಿದೆ. ಇದರ ಸಾರಾಂಶ ಹೀಗಿದೆ:

ಅ) ಸವೆದ ಎಂಜಿನ್ ಬದಲಿಗೆ ಅದೇ ತಯಾರಿಕೆಯ, ಅದೇ ಬಗೆಯ ಎಂಜಿನ್ ಅಳವಡಿಸಲು ನೋಂದಣಿ ಪ್ರಾಧಿಕಾರದ ಅನುಮೋದನೆ ಪಡೆಯತಕ್ಕದ್ದು.

ಆ) ಅನುಮೋದಿತ ಕಿಟ್ ಮೂಲಕ ಸಿ.ಎನ್.ಜಿ. ಮುಂತಾದ ಇಂಧನಕ್ಕೆ ಪರಿವರ್ತಿಸಲು ಷರತ್ತುಗಳಿಗೊಳಪಟ್ಟು ಅವಕಾಶವಿದೆ.

ಇ) ಸಾಲದ ಕರಾರಿಗೊಳಪಟ್ಟ ವಾಹನವಾಗಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಲಿಖಿತ ಒಪ್ಪಿಗೆ ಅಗತ್ಯ.

ಈ) ಮಾರ್ಪಾಡು ಆದ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ, ನೋಂದಣಿ ಪತ್ರದಲ್ಲಿ ನಮೂದು ಮಾಡಿಸಿಕೊಳ್ಳತಕ್ಕದ್ದು.

ಉ) ಅನುಮತಿಯಿಲ್ಲದ ಬಿಡಿಭಾಗಗಳನ್ನು ಅಳವಡಿಸಿ ವಾಹನವನ್ನು ಮಾರ್ಪಡಿಸಿದಲ್ಲಿ, 182-ಎ ಪ್ರಕರಣದನ್ವಯ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಮುಂಭಾಗಕ್ಕೆ ಕಬ್ಬಿಣದ ಬುಲ್ ಬಾರ್ ಕೂರಿಸುವುದರ ವಿರುದ್ಧ ಕ್ರಮ ಜರುಗಿಸುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದೆ. ಬುಲ್ ಬಾರ್ ಇದ್ದರೆ ಡಿಕ್ಕಿಯ ಹೊಡೆತ ತಗ್ಗದೆ ಪಾದಚಾರಿಗೂ ವಾಹನದ ಚೌಕಟ್ಟಿಗೂ ನೇರವಾಗಿ ತಾಗುತ್ತದೆ.

3. ಹೊರೆಯ ಲೆಕ್ಕ

ಸ್ಪ್ರಿಂಗ್ ಪ್ಲೇಟು ಹೆಚ್ಚಿಸಿದರೆ ಹೆಚ್ಚು ಹೊರೆ ಹಾಕಬಹುದೆಂಬ ಅಭಿಪ್ರಾಯ ಸರಿಯಲ್ಲ. ಪ್ಲೇಟು ಹೆಚ್ಚಿಸಿದ ಮಾತ್ರಕ್ಕೆ ಬ್ರೇಕು, ಆಕ್ಸಲ್ ಮತ್ತು ಟೈರುಗಳ ಸಾಮರ್ಥ್ಯ ಹೆಚ್ಚುವುದಿಲ್ಲ, ನೋಂದಣಿ ಪತ್ರದ ಒಟ್ಟು ತೂಕದ ಮಿತಿಯೂ ಬದಲಾಗುವುದಿಲ್ಲ. ಉದಾಹರಣೆಗೆ, ಒಟ್ಟು ತೂಕದ ಮಿತಿ 2,900 ಕಿ.ಗ್ರಾಂ ಮತ್ತು ಖಾಲಿ ತೂಕ 1,700 ಕಿ.ಗ್ರಾಂ ಇರುವ ವಾಹನದಲ್ಲಿ ಉಳಿಯುವುದು 1,200 ಕಿ.ಗ್ರಾಂ. ಚಾಲಕ ಮತ್ತು ಸಹಾಯಕರ ತೂಕ 150 ಕಿ.ಗ್ರಾಂ ಕಳೆದರೆ, 50 ಕಿ.ಗ್ರಾಂ ತೂಗುವ 21 ಚೀಲಗಳಿಗೆ ಮಾತ್ರ ಅವಕಾಶ. ಕಬ್ಬಿಣದ ಚೌಕಟ್ಟು, ಹೆಚ್ಚುವರಿ ಪ್ಲೇಟು ಮುಂತಾದವು ಸೇರಿ ಮತ್ತೆ 150 ಕಿ.ಗ್ರಾಂ ಹೆಚ್ಚಿದರೆ 18 ಚೀಲಗಳು ಉಳಿಯುತ್ತವೆ. ಹೊರೆ ಹೆಚ್ಚಿಸಲೆಂದು ಮಾಡಿದ ಮಾರ್ಪಾಡು ಕಾನೂನುಬದ್ಧ ಹೊರೆಯನ್ನು ಕಡಿಮೆಯನ್ನೇ ಮಾಡುತ್ತದೆ.

ಮಿತಿಮೀರಿದ ಹೊರೆಗೆ 194ನೇ ಪ್ರಕರಣದಲ್ಲಿ ರೂ. 20,000 ಹಾಗೂ ಹೆಚ್ಚುವರಿಯಾದ ಪ್ರತಿ ಟನ್ನಿಗೆ ರೂ. 2,000 ದಂಡವನ್ನು ನಿಗದಿಪಡಿಸಲಾಗಿದೆ.

4. ಘಾಟಿ ಇಳಿಜಾರಿನಲ್ಲಿ ಸುರಕ್ಷತೆ

ಏರು ಹತ್ತುವ ಶಕ್ತಿ ಎಂಜಿನ್ನಿನದು. ಇಳಿಜಾರಿನಲ್ಲಿ ವಾಹನ ನಿಲ್ಲಿಸುವ ಶಕ್ತಿ ಬ್ರೇಕಿನದು. ಎಂಜಿನ್ ಎಷ್ಟೇ ಬಲಿಷ್ಠವಾಗಿದ್ದರೂ ಬ್ರೇಕು ಹಿಂದಿನದೇ ಆಗಿರುತ್ತದೆ. ದೀರ್ಘ ಇಳಿಜಾರಿನಲ್ಲಿ ಸತತವಾಗಿ ಬ್ರೇಕು ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಏರಲು ಬಳಸುವ ಗೇರಿನಲ್ಲಿಯೇ ಇಳಿಯಬೇಕು. ಇಂಧನ ಉಳಿಸಲು ನ್ಯೂಟ್ರಲ್ ಮಾಡಿ ಇಳಿಸುವ ಅಭ್ಯಾಸವು ಪ್ರಾಣಾಪಾಯಕರ.

ತೋಟದ ಕಾರ್ಮಿಕರನ್ನು ಪಿಕಪ್‌ನ ಸರಕಿನ ಭಾಗದಲ್ಲಿ ಕರೆದೊಯ್ಯುವುದು ನಿಯಮಬಾಹಿರ. ಸರಕು ವಾಹನದಲ್ಲಿ ಉಚಿತವಾಗಿ ಪ್ರಯಾಣಿಸುವವರಿಗೆ ಶಾಸನಬದ್ಧ ವಿಮಾ ರಕ್ಷಣೆ ದೊರೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪು ನೀಡಿದೆ. ಅಪಘಾತವಾದಲ್ಲಿ ಪರಿಹಾರದ ಹೊಣೆ ಮಾಲೀಕರ ಮೇಲೆಯೇ ಬೀಳಬಹುದು. ಗಾಯಗೊಂಡ ಕುಟುಂಬವು ಪರಿಹಾರವಿಲ್ಲದೆ ಉಳಿಯುವ ಸಂಭವವೂ ಇದೆ.

5. ಟ್ರೈಲರ್ ಮತ್ತು ಕೆಟ್ಟ ವಾಹನವನ್ನು ಎಳೆಯುವುದು

ಅ) ಟ್ರೈಲರ್‌ಗೆ ಪ್ರತ್ಯೇಕ ನೋಂದಣಿ ಅಗತ್ಯ. ಎಳೆಯುವ ವಾಹನದ ನೋಂದಣಿ ಸಂಖ್ಯೆಯನ್ನು ಟ್ರೈಲರ್ ಮೇಲೂ ಪ್ರದರ್ಶಿಸತಕ್ಕದ್ದು. ವರ್ಕ್‌ಶಾಪಿನಲ್ಲಿ ತಯಾರಿಸಿಕೊಂಡ, ನೋಂದಣಿಯಿಲ್ಲದ ಟ್ರೈಲರ್ ರಸ್ತೆಗಿಳಿಯುವಂತಿಲ್ಲ.

ಆ) ಕೆಟ್ಟುನಿಂತ ವಾಹನವನ್ನು ಎಳೆಯುವಾಗ ಎರಡು ವಾಹನಗಳ ನಡುವಿನ ಅಂತರ 5 ಮೀಟರ್ ಮೀರಬಾರದು. ಹಗ್ಗ ಅಥವಾ ಸರಪಣಿ ಇತರರಿಗೆ ಸ್ಪಷ್ಟವಾಗಿ ಕಾಣುವಂತಿರಬೇಕು. ಎಳೆಯಲ್ಪಡುವ ವಾಹನದ ಹಿಂಭಾಗದಲ್ಲಿ ಅದನ್ನು ಎಳೆಯಲಾಗುತ್ತಿದೆ ಎಂಬ ಫಲಕವಿರಬೇಕು.

ಇ) ಎಂಜಿನ್ ನಿಂತಿರುವ ವಾಹನದಲ್ಲಿ ಬ್ರೇಕಿಗೂ ಪವರ್ ಸ್ಟಿಯರಿಂಗಿಗೂ ಎಂದಿನ ನೆರವು ದೊರೆಯದೆ ಅವು ಗಡುಸಾಗುತ್ತವೆ. ಆದುದರಿಂದ ಪರವಾನಗಿ ಹೊಂದಿದ ಚಾಲಕರೇ ಕುಳಿತಿರತಕ್ಕದ್ದು. ಘಾಟಿಯ ಇಳಿಜಾರಿನಲ್ಲಿ ಹಗ್ಗದಿಂದ ಎಳೆಯದೆ ಕ್ರೇನ್ ವಾಹನವನ್ನು ಕರೆಸುವುದು ಕ್ಷೇಮ.

6. ಚಾಲನಾ ಪರವಾನಗಿ, ರಹದಾರಿ ಮತ್ತು ಅರ್ಹತಾ ಪತ್ರ

2024ರ ನವೆಂಬರ್ 6ರ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದ ತೀರ್ಪಿನಂತೆ, ಲಘು ಮೋಟಾರು ವಾಹನದ ಪರವಾನಗಿ ಇರುವವರು 7,500 ಕಿ.ಗ್ರಾಂಗಿಂತ ಕಡಿಮೆ ಒಟ್ಟು ತೂಕದ ಸಾರಿಗೆ ವಾಹನವನ್ನು ಪ್ರತ್ಯೇಕ ಹಿಂಬರಹವಿಲ್ಲದೆ ಚಲಾಯಿಸಬಹುದು. ಒಟ್ಟು ತೂಕ 3,000 ಕಿ.ಗ್ರಾಂ ಮೀರದ ಸರಕು ವಾಹನಕ್ಕೆ ರಹದಾರಿ ಬೇಕಿಲ್ಲ. ಆದರೆ ಅರ್ಹತಾ ಪತ್ರ ಕಡ್ಡಾಯ. ಎಂಟು ವರ್ಷದವರೆಗಿನ ಸಾರಿಗೆ ವಾಹನಕ್ಕೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಇದನ್ನು ನವೀಕರಿಸಬೇಕು.

7. ಅರ್ಜಿಯೊಂದಿಗೆ ಸಿದ್ಧವಿರಿಸಿಕೊಳ್ಳಬೇಕಾದ ದಾಖಲೆಗಳು

ಮೂಲ ನೋಂದಣಿ ಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ, ಹೊಗೆ ತಪಾಸಣಾ ಪ್ರಮಾಣ ಪತ್ರ, ಅರ್ಹತಾ ಪತ್ರ, ಎಂಜಿನ್ ಖರೀದಿಯ ರಸೀದಿ ಮತ್ತು ಅನ್ವಯಿಸಿದಲ್ಲಿ ಸಾಲ ನೀಡಿದ ಸಂಸ್ಥೆಯ ಒಪ್ಪಿಗೆ ಪತ್ರ. ಹಳೆಯ ಎಂಜಿನ್ ಕೊಳ್ಳುವಾಗ ಅದು ಯಾವ ವಾಹನದ್ದೆಂಬ ದಾಖಲೆಯನ್ನು ಪಡೆಯದಿದ್ದಲ್ಲಿ, ಕಳವು ಮಾಲನ್ನು ಕೊಂಡ ಆರೋಪಕ್ಕೆ ಗುರಿಯಾಗುವ ಸಂಭವವಿದೆ. ಅನುಮೋದನೆ ದೊರೆತ ನಂತರವೇ ಕೆಲಸ ಆರಂಭಿಸುವುದು ಮತ್ತು ಬದಲಾವಣೆಯನ್ನು ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸುವುದು ಮಾಲೀಕರ ಹಿತದೃಷ್ಟಿಯಿಂದ ಸೂಕ್ತ.

ಅರ್ಜಿಯನ್ನು ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಬಹುದು. ಹೆಚ್ಚಿನ ವಿವರಗಳಿಗೆ ವಾಹನವು ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಕೆಲಸದ ದಿನಗಳಲ್ಲಿ ಖುದ್ದಾಗಿ ಸಂಪರ್ಕಿಸಬಹುದು.