ರಜೆಗೆಂದು ಹೊರಟ ಹಾಯಿದೋಣಿ



ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ಸೆಪ್ಟೆಂಬರ್ ತಿಂಗಳು. ಆಫೀಸಿನವರೆಲ್ಲ ರಜೆ ಹಾಕಿ ಊರಿಗೆ ಹೋಗಿದ್ದಾರೆ. ನೀವೊಬ್ಬರೇ ಫೈಲುಗಳ ಮುಂದೆ ಕೂತಿದ್ದೀರಿ. ಅಷ್ಟರಲ್ಲಿ ಕಾಲೇಜಿನ ಹಳೆಯ ಗೆಳೆಯನ ಪತ್ರ ಬರುತ್ತದೆ. ತನ್ನ ಬಳಿ ಒಂದು ಯಾಟ್ ಇದೆ, ಕಡಲ ದಂಡೆಯುದ್ದಕ್ಕೂ ಕೆಲವು ದಿನ ಸುತ್ತೋಣ, ಬರುವಾಗ ಒಂದು ಸ್ಟೌವ್ ಮತ್ತು ದಿಕ್ಸೂಚಿ ತಾ ಎಂದು ಅವನ ಬೇಡಿಕೆ. ನೀವಾದರೆ ಹೊರಡುವುದಿಲ್ಲವೇ?

1903ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ದಿ ರಿಡಲ್ ಆಫ್ ದಿ ಸ್ಯಾಂಡ್ಸ್’ ಕಾದಂಬರಿ ಶುರುವಾಗುವುದು ಹೀಗೆ. ಕರುಥರ್ಸ್ ಎಂಬ ವಿದೇಶಾಂಗ ಕಚೇರಿಯ ನೌಕರ ಬಿಳಿ ಸಮವಸ್ತ್ರದ ಸಿಬ್ಬಂದಿ, ಹೊಳೆಯುವ ಹಡಗು ಎಂದೆಲ್ಲ ಕನಸು ಕಾಣುತ್ತ ಹೋಗುತ್ತಾನೆ. ಅಲ್ಲಿರುವುದು ಹಳೆಯ ಲೈಫ್‌ಬೋಟನ್ನೇ ಮಾರ್ಪಡಿಸಿದ ಪುಟ್ಟ ಹಾಯಿದೋಣಿ, ಮತ್ತು ಅದನ್ನು ಒಬ್ಬನೇ ನಡೆಸುವ ಗೆಳೆಯ ಡೇವಿಸ್. ಕರುಥರ್ಸನ ದೊಡ್ಡ ಪೆಟ್ಟಿಗೆ ದೋಣಿಯ ಬಾಗಿಲಲ್ಲಿ ಹಿಡಿಸುವುದೇ ಇಲ್ಲ!

ಇದನ್ನು ಬರೆದವರು ಅರ್ಸ್ಕಿನ್ ಚಿಲ್ಡರ್ಸ್, ಬ್ರಿಟಿಷ್ ಪಾರ್ಲಿಮೆಂಟಿನ ಗುಮಾಸ್ತರು. ಇವರ ತಂದೆ ರಾಬರ್ಟ್ ಸೀಸರ್ ಚಿಲ್ಡರ್ಸ್ ಸಿಂಹಳದಲ್ಲಿ ಅಧಿಕಾರಿಯಾಗಿದ್ದವರು, ಪಾಳಿ ಭಾಷೆಯ ಹೆಸರಾಂತ ನಿಘಂಟನ್ನು ರಚಿಸಿದವರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಅರ್ಸ್ಕಿನ್ ಬೆಳೆದದ್ದು ಐರ್ಲೆಂಡಿನಲ್ಲಿ, ತಾಯಿಯ ಕಡೆಯವರ ಮನೆಯಲ್ಲಿ. 1897ರಲ್ಲಿ ಸೋದರ ಹೆನ್ರಿಯೊಡನೆ ‘ವಿಕ್ಸೆನ್’ ಎಂಬ ಸುಮಾರು 30 ಅಡಿಯ ದೋಣಿಯಲ್ಲಿ ಅವರು ಜರ್ಮನಿಯ ಫ್ರೀಸಿಯನ್ ದ್ವೀಪಗಳ ಸುತ್ತ ಓಡಾಡಿದ್ದರು. ಕಾದಂಬರಿಯ ಮರಳು, ಮಂಜು, ಗಾಳಿಗಳೆಲ್ಲ ಆ ರಜೆಯ ಗಳಿಕೆ.

ಆ ಕರಾವಳಿ ಬಲು ವಿಚಿತ್ರ. ಮುಂಬಯಿಯಲ್ಲಿ ಹಾಜಿ ಅಲಿ ದರ್ಗಾಕ್ಕೆ ಹೋಗುವ ದಾರಿ ಉಬ್ಬರದಲ್ಲಿ ಮುಳುಗಿ ಇಳಿತದಲ್ಲಿ ತೆರೆದುಕೊಳ್ಳುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಫ್ರೀಸಿಯನ್ ತೀರದಲ್ಲಿ ಮೈಲಿಗಟ್ಟಲೆ ಸಮುದ್ರವೇ ಹಾಗೆ ಮಾಡುತ್ತದೆ. ಬೆಳಿಗ್ಗೆ ದೋಣಿ ತೇಲಿದ ಕಡೆ ಮಧ್ಯಾಹ್ನ ಬರೀ ಮರಳು. ನಡುವೆ ಕೆಲವು ಕಿರಿದಾದ ಕಾಲುವೆಗಳಲ್ಲಿ ಮಾತ್ರ ನೀರು. ದೊಡ್ಡ ಹಡಗು ಅಲ್ಲಿ ಸುಳಿಯದು. ದಾರಿ ಬಲ್ಲ ಸಣ್ಣ ದೋಣಿಯವನು ಮಾತ್ರ ಎಲ್ಲಿ ಬೇಕಾದರೂ ನುಗ್ಗಬಲ್ಲ. ಚಿಲ್ಡರ್ಸ್ ಕಥೆ ಹೆಣೆದದ್ದು ಇದರ ಮೇಲೆಯೇ. ಈ ಮರಳಿನ ಮರೆಯಿಂದ ಜರ್ಮನಿಯ ಸೈನ್ಯ ದೋಣಿಗಳಲ್ಲಿ ಹೊರಟು ಇಂಗ್ಲೆಂಡಿನ ಮೇಲೆ ದಾಳಿ ಮಾಡಲು ಸಜ್ಜಾಗುತ್ತಿದೆ ಎಂಬುದನ್ನು ಇಬ್ಬರು ಗೆಳೆಯರು ಪತ್ತೆಹಚ್ಚುತ್ತಾರೆ.

ಪುಸ್ತಕ ಇಂಗ್ಲೆಂಡಿನಲ್ಲಿ ಮನೆಮಾತಾಯಿತು. 1910ರಲ್ಲಿ ಬ್ರಾಂಡನ್ ಮತ್ತು ಟ್ರೆಂಚ್ ಎಂಬ ಇಬ್ಬರು ಬ್ರಿಟಿಷ್ ಅಧಿಕಾರಿಗಳು ಪ್ರವಾಸಿಗರಂತೆ ಅದೇ ಕರಾವಳಿಗೆ ಹೋಗಿ, ಗೂಢಚಾರಿಕೆಯ ಆರೋಪದಲ್ಲಿ ಸಿಕ್ಕಿಬಿದ್ದರು. ನಾಲ್ಕು ವರ್ಷದ ಸೆರೆವಾಸದ ಶಿಕ್ಷೆಯಾಯಿತು. 1913ರಲ್ಲಿ ಕ್ಷಮಾದಾನ ಸಿಕ್ಕಿತು. ಕಾದಂಬರಿ ನಿಜಜೀವನಕ್ಕೆ ಇಳಿದಿತ್ತು!

ಅಲ್ಲಿಗೆ ಚಿಲ್ಡರ್ಸ್ ಅಪ್ಪಟ ಇಂಗ್ಲಿಷ್ ದೇಶಭಕ್ತ ಎಂದು ನೀವು ತೀರ್ಮಾನಿಸಿದರೆ, ಸ್ವಲ್ಪ ತಾಳಿ.

ಅಷ್ಟರಲ್ಲಿ ಅವರ ಮನಸ್ಸು ಐರ್ಲೆಂಡಿನ ಸ್ವರಾಜ್ಯದ ಕಡೆ ವಾಲಿತ್ತು. 1914ರ ಏಪ್ರಿಲ್‌ನಲ್ಲಿ ಸ್ವರಾಜ್ಯದ ವಿರೋಧಿಗಳು ಉತ್ತರ ಐರ್ಲೆಂಡಿಗೆ ಸಾವಿರಾರು ಬಂದೂಕು ತರಿಸಿಕೊಂಡಿದ್ದರು. ಇನ್ನೊಂದು ಪಕ್ಷದವರೂ ಹ್ಯಾಂಬರ್ಗ್‌ನಲ್ಲಿ 1,500 ಬಂದೂಕು ಕೊಂಡರು. ಆದರೆ ತರುವುದು ಹೇಗೆ? ಚಿಲ್ಡರ್ಸ್‌ಗೆ ದಾರಿ ಗೊತ್ತಿತ್ತು: ರಜೆಗೆ ಹೊರಟಂತೆ ಹೊರಡುವುದು!

ಅವರ ಬಳಿ ‘ಆಸ್ಗಾರ್ಡ್’ ಎಂಬ ಯಾಟ್ ಇತ್ತು. ಅಮೆರಿಕದ ಮಾವನ ಮನೆಯವರು ಮದುವೆಗೆ ಉಡುಗೊರೆಯಾಗಿ ಕೊಟ್ಟದ್ದು, ನಾರ್ವೆಯಲ್ಲಿ 1905ರಲ್ಲಿ ಕಟ್ಟಿದ್ದು. ಹೆಂಡತಿ ಮೋಲಿ, ಗೆಳತಿ ಮೇರಿ ಸ್ಪ್ರಿಂಗ್ ರೈಸ್, ಬ್ರಿಟಿಷ್ ಸೈನ್ಯದಲ್ಲೇ ಅಧಿಕಾರಿಯಾಗಿದ್ದ ಗೆಳೆಯ ಗಾರ್ಡನ್ ಶೆಫರ್ಡ್, ಜೊತೆಗೆ ಇಬ್ಬರು ಐರಿಷ್ ಮೀನುಗಾರರು. ನಡುಗಡಲಲ್ಲಿ 900 ಬಂದೂಕು ಹೇರಿಕೊಂಡ ಮೇಲೆ ಕ್ಯಾಬಿನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊಟ, ನಿದ್ದೆ ಎಲ್ಲ ಬಂದೂಕಿನ ರಾಶಿಯ ಮೇಲೆ. ದಾರಿಯಲ್ಲಿ ಬ್ರಿಟಿಷ್ ಯುದ್ಧನೌಕೆಗಳು ಎದುರಾದವು. 1914ರ ಜುಲೈ 26ರ ಮಧ್ಯಾಹ್ನ, ಉಬ್ಬರದ ನೀರಿನಲ್ಲಿ, ಡಬ್ಲಿನ್ ಹತ್ತಿರದ ಹೌತ್ ಬಂದರಿಗೆ ಆಸ್ಗಾರ್ಡ್ ಬಂತು. ಚುಕ್ಕಾಣಿ ಹಿಡಿದಿದ್ದವರು ಮೋಲಿ, ಬಾಲ್ಯದಿಂದ ಸೊಂಟದ ಊನದಿಂದ ನಡೆಯಲು ಕಷ್ಟಪಡುತ್ತಿದ್ದ ಹೆಣ್ಣುಮಗಳು. ಅದೇ ಸಂಜೆ ಡಬ್ಲಿನ್‌ನಲ್ಲಿ ಸೈನಿಕರು ಜನರ ಮೇಲೆ ಗುಂಡು ಹಾರಿಸಿದರು, ಜೀವಹಾನಿಯಾಯಿತು.

ಕೆಲವೇ ದಿನಗಳಲ್ಲಿ ಮಹಾಯುದ್ಧ ಶುರುವಾಯಿತು. ಇದೇ ಚಿಲ್ಡರ್ಸ್ ಬ್ರಿಟಿಷ್ ನೌಕಾಪಡೆಗೆ ಸೇರಿದರು! 1914ರ ಕ್ರಿಸ್‌ಮಸ್ ದಿನ ಜರ್ಮನಿಯ ಕುಕ್ಸ್‌ಹಾವೆನ್ ಮೇಲೆ ನಡೆದ ವಿಮಾನದಾಳಿಯಲ್ಲಿ ಅವರೂ ಹಾರಿದರು. ರಜೆಯಲ್ಲಿ ಕಲಿತ ಕರಾವಳಿ ಈಗ ಯುದ್ಧದ ನಕ್ಷೆಯಾಗಿತ್ತು.

ಆದರೆ ಎರಡು ದೇಶಕ್ಕೂ ಬೇಕಾದವರು ಕೊನೆಗೆ ಯಾರಿಗೂ ಬೇಡವಾಗುವುದುಂಟು. 1921ರಲ್ಲಿ ಐರಿಷ್ ನಿಯೋಗದ ಕಾರ್ಯದರ್ಶಿಯಾಗಿ ಲಂಡನ್ನಿಗೆ ಹೋದ ಚಿಲ್ಡರ್ಸ್, ಅಲ್ಲಿ ಆದ ಒಪ್ಪಂದವನ್ನು ವಿರೋಧಿಸಿದರು. ಐರ್ಲೆಂಡಿನಲ್ಲಿ ಅಂತರ್ಯುದ್ಧ ಹೊತ್ತಿತು. ಇಂಗ್ಲೆಂಡಿಗೆ ಅವರು ದ್ರೋಹಿ, ಐರಿಷ್ ಎದುರಾಳಿಗಳಿಗೆ ಇಂಗ್ಲಿಷಿನವನು. 1922ರ ನವೆಂಬರ್‌ನಲ್ಲಿ, ತಾವು ಬೆಳೆದ ಮನೆಯಲ್ಲೇ ಸೆರೆಯಾದರು. ಅಪರಾಧ: ಒಂದು ಸಣ್ಣ ಪಿಸ್ತೂಲು ಇಟ್ಟುಕೊಂಡದ್ದು. ಅದನ್ನು ಹಿಂದೆ ಉಡುಗೊರೆಯಾಗಿ ಕೊಟ್ಟಿದ್ದವರು ಮೈಕೆಲ್ ಕಾಲಿನ್ಸ್, ಈಗ ಶಿಕ್ಷೆ ಕೊಡುತ್ತಿದ್ದ ಸರ್ಕಾರದ ನಾಯಕರಾಗಿದ್ದವರೇ. ನವೆಂಬರ್ 24ರಂದು ಗುಂಡಿಕ್ಕಿ ಕೊಂದರು. ಅದಕ್ಕೆ ಮುಂಚೆ ಚಿಲ್ಡರ್ಸ್ ಗುಂಡು ಹಾರಿಸಬೇಕಾಗಿದ್ದ ಪ್ರತಿಯೊಬ್ಬ ಸೈನಿಕನ ಕೈಕುಲುಕಿದರು. ತಮ್ಮ ಮರಣದಂಡನೆಗೆ ಕಾರಣರಾದವರ ಕೈಯನ್ನೂ ಕುಲುಕಬೇಕೆಂದು 16 ವರ್ಷದ ಮಗನಿಂದ ಮಾತು ಪಡೆದಿದ್ದರು.

ಆ ಹುಡುಗ ಅರ್ಸ್ಕಿನ್ ಹ್ಯಾಮಿಲ್ಟನ್ ಚಿಲ್ಡರ್ಸ್ 1973ರಲ್ಲಿ ಐರ್ಲೆಂಡಿನ ರಾಷ್ಟ್ರಪತಿಯಾದರು. ಆಗ ನಮ್ಮ ರಾಷ್ಟ್ರಪತಿ ಯಾರು ಗೊತ್ತೇ? ವಿ.ವಿ. ಗಿರಿ. 1965ರಿಂದ 67ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಇದೇ ಗಿರಿಯವರು, 1913ರಿಂದ 1916ರವರೆಗೆ ಡಬ್ಲಿನ್‌ನಲ್ಲಿ ಕಾನೂನು ವಿದ್ಯಾರ್ಥಿ. ಆಸ್ಗಾರ್ಡ್ ತಂದ ಬಂದೂಕುಗಳ ಸುದ್ದಿ ಊರೆಲ್ಲ ಹಬ್ಬಿದ್ದ ಕಾಲವದು.

ನಿಮ್ಮ ಮಕ್ಕಳೋ ನೆಂಟರೋ ಡಬ್ಲಿನ್‌ನಲ್ಲಿದ್ದು, ನೀವು ಅಲ್ಲಿಗೆ ಹೋಗುವ ಸಂದರ್ಭ ಬಂದರೆ, ಕಾಲಿನ್ಸ್ ಬ್ಯಾರಕ್ಸ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿಬನ್ನಿ. ಆಸ್ಗಾರ್ಡ್ 2012ರಿಂದ ಅಲ್ಲಿದೆ. ಪಿಸ್ತೂಲು ಕೊಟ್ಟ ಕಾಲಿನ್ಸ್ ಅವರ ಹೆಸರಿನ ಕಟ್ಟಡದಲ್ಲೇ ಚಿಲ್ಡರ್ಸ್ ಅವರ ದೋಣಿ. ಮಗನಿಗೆ ಹೇಳಿದ ಕೈಕುಲುಕು ಅಲ್ಲಿ ಪೂರ್ತಿಯಾದಂತೆ ಕಾಣುತ್ತದೆ.