ಬೂಷ್ಟಿಗೊಂದು ಕಾನೂನು

ಮನೆಯ ಗೋಡೆಗೆ ಹಿಡಿದ ಬೂಷ್ಟನ್ನು ಕೆರೆದು ತೆಗೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರದ ನಗರಸಭೆಗಳಾಗಲಿ ಮಾಗಡಿಯ ಪುರಸಭೆಯಾಗಲಿ ಅದಕ್ಕೆ ಪರವಾನಗಿ ಕೇಳುವುದಿಲ್ಲ. ಹೊಸದಾಗಿ ಕಟ್ಟುವಾಗ, ಇದ್ದದ್ದನ್ನು ಬದಲಿಸಿ ಕಟ್ಟುವಾಗ ಅನುಮತಿ ಬೇಕು. ಒಳಗೋಡೆಗೆ ಸುಣ್ಣ ಬಳಿಯುವುದು ಮನೆಯವರ ಪಾಡು. ಆದರೆ ಇದೇ ನಾಲ್ಕು ತಾಲ್ಲೂಕುಗಳಲ್ಲಿ ಮನೆಯೊಳಗಿನ ಒಂದು ಬಗೆಯ ಬೂಷ್ಟು ಊರಿಗೆಲ್ಲ ಸೇರಿದ ಚಿಂತೆಯಾಗಿತ್ತು. ಕಾರಣ, ರೇಷ್ಮೆ ಹುಳು.

ಹುಳುವಿಗೆ ಬೇರೆ ಮನೆ ಕಟ್ಟುವ ರೂಢಿ ಬರುವ ಮೊದಲು ಜನ ಮಲಗುವ ಮನೆಯಲ್ಲೇ ಬಿದಿರಿನ ತಟ್ಟೆಗಳು, ಅಲ್ಲೇ ಚಂದ್ರಂಕಿ. ಮಳೆಗಾಲದ ತಂಡಿ ಗೋಡೆಗೆ ಏರಿದರೆ ಹುಳುವಿಗೂ ಏರುತ್ತಿತ್ತು. ಸತ್ತ ಹುಳು ಕೊಳೆಯದೆ ಗಟ್ಟಿಯಾಗಿ, ಮೇಲೆಲ್ಲ ಬಿಳಿ ಪುಡಿ ಮೆತ್ತಿಕೊಂಡರೆ ಅದು ಸುಣ್ಣಕಟ್ಟು ರೋಗ. ಆ ಪುಡಿಯೇ ಶಿಲೀಂಧ್ರದ ಬೀಜಕಣ. ಗಾಳಿಗೆ ಹಾರಿ ಪಕ್ಕದ ತಟ್ಟೆಗೆ, ಪಕ್ಕದ ಮನೆಗೆ ಹೋಗುತ್ತದೆ. ಹಾಗಾಗಿ ಹುಳು ಬೆಳ್ಳಗಾಗುವ ಮೊದಲೇ ಆರಿಸಿ ಸುಡಬೇಕು.

ಈ ರೋಗ ಲೋಕದ ವೈದ್ಯಚರಿತ್ರೆಯಲ್ಲಿ ದೊಡ್ಡ ಹೆಸರು. ಇಟಲಿಯ ಅಗೊಸ್ಟಿನೊ ಬಾಸ್ಸಿ 1835ರಲ್ಲಿ ಸುಣ್ಣಕಟ್ಟಿಗೆ ಕಾರಣ ಒಂದು ಶಿಲೀಂಧ್ರ ಎಂದು ತೋರಿಸಿದ. ಕಣ್ಣಿಗೆ ಕಾಣದ ಜೀವಿಯೊಂದು ಪ್ರಾಣಿಗೆ ರೋಗ ತರುತ್ತದೆ ಎಂಬುದಕ್ಕೆ ಅದು ಮೊದಮೊದಲ ಪುರಾವೆ. ಮೂವತ್ತು ವರ್ಷಗಳ ನಂತರ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ಗಂಟುರೋಗದ ಬೆನ್ನು ಹತ್ತಿದ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ರೋಗ ಕಂಡರೆ ಅದರ ಮೊಟ್ಟೆಗಳನ್ನು ಸುಡುವುದು ಅವನು ಹಾಕಿಕೊಟ್ಟ ದಾರಿ. ನಮ್ಮ ಬಿತ್ತನೆ ಕೋಠಿಗಳು ಇಂದಿಗೂ ನಡೆಯುವುದು ಅದೇ ದಾರಿಯಲ್ಲಿ.

ಆ ವಿದ್ಯೆ ಈ ಸೀಮೆಗೆ ಬಂದದ್ದು ಸಂಸ್ಥಾನದ ಕಾಲದಲ್ಲಿ. 1914ರ ಹೊತ್ತಿಗೆ ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿಯನ್ನು ಕರೆಸಿಕೊಂಡು ಚನ್ನಪಟ್ಟಣದಲ್ಲಿ ರೇಷ್ಮೆಯ ಪ್ರಾಯೋಗಿಕ ಕ್ಷೇತ್ರ ತೆರೆಯಿತು. ಇಲಾಖೆಯನ್ನು ಕಟ್ಟಿದವರಲ್ಲಿ ನವರತ್ನ ರಾಮರಾಯರ ಹೆಸರು ಮೊದಲು ಬರುತ್ತದೆ. ಮುಂದೆ ಕಾನೂನೂ ಬಂತು. 1959ರ ಕಾಯ್ದೆ ರೇಷ್ಮೆ ಮೊಟ್ಟೆಯ ತಯಾರಿಕೆಯನ್ನು, ಗೂಡಿನ ವ್ಯಾಪಾರವನ್ನು ಪರವಾನಗಿಗೆ ಒಳಪಡಿಸಿತು. ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವ ಮಾಗಡಿ ಸೀಮೆಗೆ ಇದರ ಬಿಸಿ ಹೆಚ್ಚು. ಅಲ್ಲಿ ಒಂದು ಮನೆಯ ರೋಗ ಮೊಟ್ಟೆಯ ಜೊತೆ ನೂರು ಮನೆ ಸೇರಬಹುದು.

ಕಾನೂನಿಗಿಂತ ಆಳವಾಗಿ ಬೇರೂರಿದ್ದು ಪದ್ಧತಿ. ಪ್ರತಿ ಬೆಳೆಗೂ ಮುಂಚೆ ತಟ್ಟೆ, ಚಂದ್ರಂಕಿಗಳನ್ನು ತೊಳೆದು ಬಿಸಿಲಿಗೆ ಒಣಗಿಸಬೇಕು. ಶೇ. 2ರ ಬ್ಲೀಚಿಂಗ್ ಪುಡಿಯನ್ನು ಸುಣ್ಣದ ತಿಳಿಯಲ್ಲಿ ಕದಡಿ ನೆಲ, ಗೋಡೆ, ಸೂರಿಗೆ ಸಿಂಪಡಿಸಬೇಕು. ಹುಳು ಜ್ವರಕ್ಕೆ ಕೂತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ ತೇವ ಹೀರಿಸಬೇಕು. ರೋಗದ ಹೆಸರಿನಲ್ಲೂ ಸುಣ್ಣ, ಮದ್ದಿನಲ್ಲೂ ಸುಣ್ಣ! ನಾನು ಗಮನಿಸುವುದೇನೆಂದರೆ, ಹುಳುವಿಗಾಗಿ ಮಾಡಿದ ಈ ಶುದ್ಧಿಯಲ್ಲಿ ಮನುಷ್ಯರ ಗೋಡೆಯೂ ವರ್ಷಕ್ಕೆ ಹಲವು ಸಲ ಶುದ್ಧವಾಗುತ್ತಿತ್ತು.

ಹುಳು ಬೇರೆ ಮನೆಗೆ ಹೋಯಿತು. ಅದು ಒಳ್ಳೆಯದೇ, ಮಕ್ಕಳು ಮಲಗುವ ಕಡೆ ಫಾರ್ಮಲಿನ್ ವಾಸನೆ ಬೇಡ. ಆದರೆ ಹುಳುವಿನ ಜೊತೆ ಆ ಶಿಸ್ತೂ ಹೊರಟಿತು. ಮಣ್ಣಿನ ಗೋಡೆ, ನಾಡಹೆಂಚಿನ ಜಾಗಕ್ಕೆ ಸಿಮೆಂಟು, ತಾರಸಿ ಬಂತು. ಗಾಳಿಯಾಡದ ಕೋಣೆಯಲ್ಲಿ ತೇವ ಉಳಿಯಿತು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ, ಚನ್ನಪಟ್ಟಣದ ಮನೆಗಳಿಗೆ ಮಳೆನೀರು ನುಗ್ಗಿ, ಬೆಂಗಳೂರು–ಮೈಸೂರು ಹೆದ್ದಾರಿಯೇ ಮುಳುಗಿದಾಗ ಪರಿಹಾರದ ಅಳತೆ ಇದ್ದದ್ದು ಹೀಗೆ: ನೀರು ಹೊಕ್ಕ ಮನೆಗೆ ₹10,000, ಪೂರ್ತಿ ಬಿದ್ದ ಮನೆಗೆ ₹5 ಲಕ್ಷ. ಬೀಳದೆ ನಿಂತು, ತಿಂಗಳುಗಟ್ಟಲೆ ಕಪ್ಪುಗಟ್ಟುವ ಗೋಡೆಗೆ ಆ ಅಳತೆಯಲ್ಲಿ ಜಾಗವಿಲ್ಲ. ಅದರ ಕೆಳಗೆ ಮಲಗುವವರ ಕೆಮ್ಮು, ಉಬ್ಬಸಕ್ಕೂ ಇಲ್ಲ.

ಸುಣ್ಣಕಟ್ಟು ಗೂಡಿನ ಬೆಲೆಗೆ ಕುತ್ತು ತಂದದ್ದರಿಂದ ರೇಷ್ಮೆ ಇಲಾಖೆಯವರು ಮನೆಮನೆಗೆ ಹೋಗಿ ತೇವ ಹೇಗೆ ಒಣಗಿಸಬೇಕೆಂದು ಹೇಳಿಕೊಟ್ಟರು. ಆ ತಿಳಿವಳಿಕೆ ಈ ಸೀಮೆಯ ರೈತರಲ್ಲಿ ಇನ್ನೂ ಇದೆ. ನೆರೆ ಇಳಿದ ಮಾರನೆಯ ವಾರ ನಗರಸಭೆಯವರು ಸುಣ್ಣ, ಬ್ಲೀಚಿಂಗ್ ಪುಡಿ ಹಿಡಿದು ಅದೇ ಪಾಠವನ್ನು ಮನುಷ್ಯರ ಮನೆಗೂ ಒಯ್ಯಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ.