ತಾಮ್ರದ ತಗಡಿನ ಮೇಲೆ ಮೈಸೂರು ಯುದ್ಧ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಇಂದು ನೆನಪಿಗೆ ಬರುವುದು ತೆಂಗಿನ ತೋಟ, ಕೊಬ್ಬರಿ ಮಾರುಕಟ್ಟೆ. ಇನ್ನೂರು ವರ್ಷಗಳಿಗೂ ಹಿಂದೆ ಈ ಸೀಮೆ ದಂಡುಗಳು ಹಾದುಹೋಗುವ ದಾರಿಯಾಗಿತ್ತು. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ, ಟಿಪ್ಪು ಸುಲ್ತಾನನ ಮೇಲೆ ಯುದ್ಧ ಹೂಡಿದ್ದ ಲಾರ್ಡ್ ಕಾರ್ನ್‌ವಾಲಿಸನನ್ನು ಕೂಡಿಕೊಳ್ಳಲು ಶ್ರೀರಂಗಪಟ್ಟಣದ ಕಡೆಗೆ ಸಾಗುವಾಗ, ಹಾಗಲವಾಡಿ ನಾಯಕರು ಕಟ್ಟಿಸಿದ್ದ ಚಿಕ್ಕನಾಯಕನಹಳ್ಳಿಯನ್ನು ಸೂರೆ ಮಾಡಿತು.

1790ರಿಂದ 1792ರವರೆಗೆ ನಡೆದ ಈ ಮೂರನೆಯ ಮೈಸೂರು ಯುದ್ಧದ ನಕ್ಷೆಗಳು, ಚಿತ್ರಗಳು ಲಂಡನ್ನಿನಲ್ಲಿ ಮುದ್ರಣಗೊಂಡು ಮಾರಾಟವಾದವು. ನಂದಿದುರ್ಗ, ಸಾವನದುರ್ಗ, ಶ್ರೀರಂಗಪಟ್ಟಣಗಳನ್ನು ಇಂಗ್ಲೆಂಡಿನ ಜನ ಮನೆಯಲ್ಲಿ ಕುಳಿತೇ ಕಂಡರು. ಚಿಕ್ಕನಾಯಕನಹಳ್ಳಿಗೆ ಮಾತ್ರ ಆ ಪುಸ್ತಕಗಳಲ್ಲಿ ಒಂದು ಪುಟವೂ ದಕ್ಕಲಿಲ್ಲ. ಇದಕ್ಕೆ ಕಾರಣ ತಿಳಿಯಬೇಕಾದರೆ ಅಂದು ಯುದ್ಧದ ಚಿತ್ರಗಳು ಹೇಗೆ, ಯಾರಿಗಾಗಿ ಸಿದ್ಧವಾಗುತ್ತಿದ್ದವು ಎಂಬುದನ್ನು ನೋಡಬೇಕು.

ಈ ಕಥೆಯ ಆರಂಭ ಅಮೆರಿಕದಲ್ಲಿದೆ. ಉತ್ತರ ಅಮೆರಿಕದ ವಸಾಹತುಗಳಲ್ಲಿ ಫ್ರೆಂಚರೊಡನೆ, ಆಮೇಲೆ ಅಲ್ಲಿನ ವಲಸೆಗಾರರೊಡನೆಯೇ ಬ್ರಿಟಿಷರು ಕಾದಾಡುತ್ತಿದ್ದಾಗ ಲಂಡನ್ನಿನ ನಕ್ಷೆ ವ್ಯಾಪಾರಿಗಳಿಗೆ ಸುಗ್ಗಿ. ಥಾಮಸ್ ಜೆಫ್ರಿಸ್, ಅವನ ನಂತರ ವಿಲಿಯಂ ಫೇಡನ್ ಈ ಕಸುಬಿನಲ್ಲಿ ಹೆಸರಾದವರು. ಫೇಡನ್ 1777ರಲ್ಲಿ ಉತ್ತರ ಅಮೆರಿಕದ ಒಂದು ಭೂಪಟ ಸಂಪುಟವನ್ನೇ ಹೊರತಂದ. ರಣರಂಗದಿಂದ ಸುದ್ದಿ ಬಂದಂತೆಲ್ಲ ಅದರ ನಕ್ಷೆ ಅಂಗಡಿಗೆ ಬರುತ್ತಿತ್ತು. ಇಂದಿನ ಪತ್ರಿಕೆಯ ಚಿತ್ರ ಮಾಡುವ ಕೆಲಸವನ್ನು ಅಂದು ಆ ಹಾಳೆಗಳು ಮಾಡುತ್ತಿದ್ದವು.

ಅಮೆರಿಕದ ಯುದ್ಧದಲ್ಲಿ, 1781ರ ಅಕ್ಟೋಬರ್ 19ರಂದು, ಯಾರ್ಕ್‌ಟೌನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ನನಿಗೂ ಅವನ ಫ್ರೆಂಚ್ ಮಿತ್ರರಿಗೂ ಶರಣಾದ ಬ್ರಿಟಿಷ್ ಸೇನಾಪತಿ ಇದೇ ಕಾರ್ನ್‌ವಾಲಿಸ್. ಆ ಮುತ್ತಿಗೆಯ ನಕ್ಷೆಗಳೂ ಲಂಡನ್ನಿನಲ್ಲಿ ಮಾರಾಟವಾದವು. ಐದು ವರ್ಷಗಳ ನಂತರ ಆತ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. ಯಾರ್ಕ್‌ಟೌನ್ ಸೋಲಿಗೆ ಸರಿಯಾಗಿ ಹತ್ತು ವರ್ಷ ತುಂಬಿದ ದಿನ, 1791ರ ಅಕ್ಟೋಬರ್ 19ರಂದು, ಅವನ ಸೈನ್ಯ ನಂದಿದುರ್ಗವನ್ನು ಹಿಡಿದದ್ದು ಇತಿಹಾಸದ ಒಂದು ಆಕಸ್ಮಿಕ. ಅಮೆರಿಕವನ್ನು ಕಳೆದುಕೊಂಡಿದ್ದ ದೇಶಕ್ಕೆ ಗೆಲುವಿನ ಚಿತ್ರಗಳು ಬೇಕಾಗಿದ್ದವು. ಅವನ್ನು ಮೈಸೂರು ಒದಗಿಸಿತು.

ನಕ್ಷೆಗಳು ಮೊದಲು ಬಂದವು. ಬಂಗಾಳದ ಸರ್ವೆ ನಡೆಸಿ ಆ ಹೊತ್ತಿಗೆ ಇಂಗ್ಲೆಂಡಿಗೆ ಮರಳಿದ್ದ ಜೇಮ್ಸ್ ರೆನೆಲ್, ಕಾರ್ನ್‌ವಾಲಿಸ್ ಕಳುಹಿಸಿದ ಕಾಗದಪತ್ರಗಳನ್ನು ಆಧರಿಸಿ, ಸೈನ್ಯಗಳು ನಡೆದ ದಾರಿಗಳ ನಕ್ಷೆಯನ್ನೂ ಅದರ ವಿವರಣೆಯನ್ನೂ 1792ರಲ್ಲಿ ಪ್ರಕಟಿಸಿದ. ಸೈನ್ಯದೊಡನೆ ಸರ್ವೆಯ ಅಧಿಕಾರಿಗಳು ಸಾಗುತ್ತಿದ್ದರು. ಉರುಳುವ ಗಾಲಿಯ ಸುತ್ತುಗಳಿಂದ ದೂರವನ್ನೂ ದಿಕ್ಸೂಚಿಯಿಂದ ದಿಕ್ಕನ್ನೂ ಗುರುತು ಹಾಕಿಕೊಳ್ಳುವುದು ಅಂದಿನ ಕ್ರಮ. ಹೀಗಾಗಿ ಅಂಥ ನಕ್ಷೆಯಲ್ಲಿ ದಂಡು ನಡೆದ ದಾರಿ ಸ್ಪಷ್ಟವಾಗಿಯೂ ದಾರಿಯಿಂದ ದೂರವಾದ ಪ್ರದೇಶ ಮಸುಕಾಗಿಯೂ ಇರುತ್ತಿದ್ದುದು ಸಹಜ. ಫಿರಂಗಿ ಎಳೆಯುವ ಎತ್ತುಗಳಿಗೆ ನೀರೆಲ್ಲಿ, ಹೊಳೆ ದಾಟುವುದೆಲ್ಲಿ, ಕೋಟೆ ಎಲ್ಲಿ ಎಂಬುದು ಸೇನಾಪತಿಗೆ ಬೇಕಾದ ಸಂಗತಿ. ಊರೊಳಗಿನ ಜನಜೀವನ ಅವನಿಗೆ ಬೇಡದ ವಿಷಯ.

ನಕ್ಷೆಗಳ ಹಿಂದೆಯೇ ಚಿತ್ರಗಳು ಬಂದವು. ಚಿತ್ರಕಾರ ರಾಬರ್ಟ್ ಹೋಮ್ 1791ರಲ್ಲಿ ಮದರಾಸಿಗೆ ಬಂದು ಕಾರ್ನ್‌ವಾಲಿಸನ ಸೈನ್ಯದೊಡನೆ ಮೈಸೂರು ಸೀಮೆಗೆ ಹೊರಟವನು. ಬೆಂಗಳೂರಿನ ಕೋಟೆ ಮತ್ತು ಅರಮನೆ, ಸಾವನದುರ್ಗ, ಶ್ರೀರಂಗಪಟ್ಟಣಗಳ ದೃಶ್ಯಗಳುಳ್ಳ ಅವನ ಪುಸ್ತಕ 1794ರಲ್ಲಿ ಹೊರಬಂತು. ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಅಲನ್ ಮತ್ತು ಸರ್ವೆಯ ಅಧಿಕಾರಿ ರಾಬರ್ಟ್ ಕೋಲ್‌ಬ್ರುಕ್ ಇವರ ಚಿತ್ರಮಾಲೆಗಳೂ ಅದೇ ಸುಮಾರಿಗೆ ಪ್ರಕಟವಾದವು.

ಸ್ಥಳದಲ್ಲಿ ಬರೆದ ಚಿತ್ರ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಲಂಡನ್ ಸೇರಬೇಕಾಗಿತ್ತು. ಅಲ್ಲಿನ ಕೆತ್ತನೆಗಾರ ಅದನ್ನು ನಯಮಾಡಿದ ತಾಮ್ರದ ತಗಡಿನ ಮೇಲೆ ಎಡಬಲ ತಿರುಗಿಸಿ ಕೊರೆಯುತ್ತಿದ್ದ. ಗೆರೆಗಳಲ್ಲಿ ಮಸಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದವಿಟ್ಟು ಯಂತ್ರದಲ್ಲಿ ಒತ್ತಿದರೆ ಚಿತ್ರ ಮೂಡುತ್ತಿತ್ತು. ರಾಳದ ಪುಡಿ ಮತ್ತು ಆಮ್ಲ ಬಳಸಿ ನೆರಳಿನ ಛಾಯೆ ತರುವ ವಿಧಾನವೂ ಇತ್ತು. ಕೆತ್ತುವವನು ಸಾಮಾನ್ಯವಾಗಿ ಮೈಸೂರನ್ನು ಕಂಡವನಲ್ಲ. ಮೂಲದಲ್ಲಿ ಅಸ್ಪಷ್ಟವಾಗಿದ್ದುದನ್ನು ಅವನು ತನಗೆ ತಿಳಿದಂತೆ ತುಂಬಬೇಕಾಗುತ್ತಿತ್ತು.

ಈ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವುದು ಕಡಿದಾದ ಬಂಡೆ, ಅದರ ನೆತ್ತಿಯ ಮೇಲೊಂದು ಕೋಟೆ. ಬೆಟ್ಟ ಎಷ್ಟು ದುರ್ಗಮವೋ ಅದನ್ನು ಗೆದ್ದವರ ಹಿರಿಮೆ ಅಷ್ಟು ಹೆಚ್ಚು. ಅಜೇಯವೆನಿಸಿದ್ದ ಸಾವನದುರ್ಗ 1791ರ ಡಿಸೆಂಬರ್ 21ರಂದು ಬಿದ್ದಿತು. ಅದರ ಬೆನ್ನಿಗೇ ಇಂದಿನ ತುಮಕೂರು ಜಿಲ್ಲೆಯ ಹುತ್ರಿದುರ್ಗವೂ ಹೋಯಿತು. ಬಯಲುಸೀಮೆಯ ಮಣ್ಣಿನ ಕೋಟೆಯ ಪೇಟೆಯೊಂದು ಸುಲಿಗೆಯಾದದ್ದರಲ್ಲಿ ಚಿತ್ರ ಕೊಳ್ಳುವವರಿಗೆ ನೋಡುವಂಥ ಬಂಡೆಯೂ ಇರಲಿಲ್ಲ, ಮೆಚ್ಚುವಂಥ ಶೌರ್ಯವೂ ಇರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಸೂರೆ ಮಾಡಿದವರು ಬ್ರಿಟಿಷರ ಮಿತ್ರರು.

ಯುದ್ಧವನ್ನು ಚಿತ್ರಿಸಿದವರು ಬ್ರಿಟಿಷರು ಮಾತ್ರವಲ್ಲ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿದ ದೃಶ್ಯವನ್ನು ಟಿಪ್ಪು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಬರೆಸಿದ. ಅದರಲ್ಲಿ ಬೇಲಿ ಪಲ್ಲಕ್ಕಿಯಲ್ಲಿ ಮುದುಡಿ ಕುಳಿತಿದ್ದಾನೆ. ಅದೂ ಗೆದ್ದವರ ಚಿತ್ರವೇ. ಆದರೆ ಗೋಡೆಯ ಚಿತ್ರ ಒಂದೇ ಕಡೆ ಇರುತ್ತದೆ, ನೋಡುವವರು ಅಲ್ಲಿಗೇ ಹೋಗಬೇಕು. ತಾಮ್ರದ ತಗಡಿನ ಚಿತ್ರ ನೂರಾರು ಪ್ರತಿಗಳಾಗಿ ಮನೆಮನೆಗೆ ಹೋಗುತ್ತದೆ. ಮೈಸೂರು ಯುದ್ಧ ಹೊರಜಗತ್ತಿಗೆ ಹೆಚ್ಚಾಗಿ ಲಂಡನ್ನಿನ ಕಣ್ಣಿನಿಂದ ಕಂಡದ್ದಕ್ಕೆ ಈ ವ್ಯತ್ಯಾಸವೂ ಒಂದು ಕಾರಣ.

ಹಾಗಾದರೆ ಸುಲಿಗೆಯ ಕಥೆ ಉಳಿದದ್ದು ಎಲ್ಲಿ? ಕಾಗದಪತ್ರಗಳಲ್ಲಿ, ಪ್ರವಾಸಿಗರ ಬರಹದಲ್ಲಿ. ಅದೇ 1791ರಲ್ಲಿ ಮರಾಠಾ ದಂಡಿನ ಸವಾರರು ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ನಾಡಿಗೆ ಚೆನ್ನಾಗಿ ತಿಳಿದುಬಂದದ್ದು ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳಿಂದ. ಅವುಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು. ಚಿಕ್ಕನಾಯಕನಹಳ್ಳಿಗೆ 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸಕಥನದಲ್ಲಿ ಊರಿನ ಚೌಕಾಕಾರದ ಮಣ್ಣಿನ ಕೋಟೆಯನ್ನೂ ಅದರ ನಡುವಣ ಒಳಕೋಟೆಯನ್ನೂ ಹಾಳುಬಿದ್ದ ಮನೆಗಳನ್ನೂ ವರ್ಣಿಸಿದ. ಸುತ್ತಣ ತೆಂಗು ಅಡಿಕೆ ತೋಟಗಳ ಬೇಸಾಯವನ್ನೂ ಬರೆದಿಟ್ಟ. ಚಿತ್ರಕಾರರು ಬರೆಯದ ಊರಿನ ರೂಪ ಅವನ ಮಾತುಗಳಲ್ಲಿ ಉಳಿಯಿತು.

ಹಳೆಯ ಯುದ್ಧಚಿತ್ರಗಳು ಸುಳ್ಳೆಂದು ತಳ್ಳಿಹಾಕುವಂಥವಲ್ಲ. ಕೆಡವಲ್ಪಟ್ಟ ಕೋಟೆಗೋಡೆಗಳನ್ನು, ಈಗಿಲ್ಲದ ಕಟ್ಟಡಗಳನ್ನು ಇಂದು ನೋಡಲು ಸಾಧ್ಯವಾಗಿರುವುದು ಅವುಗಳಿಂದಲೇ. ಆದರೆ ಅವು ಯುದ್ಧದ ಪೂರ್ಣ ಲೆಕ್ಕವಲ್ಲ. 1792ರ ಮಾರ್ಚಿನ ಒಪ್ಪಂದದಂತೆ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಇದು ದಾಖಲೆಗೆ ಬಂದ ಬೆಲೆ. ದಂಡಿನ ದಾರಿಯಲ್ಲಿದ್ದ ಊರುಗಳು ತೆತ್ತ ಬೆಲೆಯನ್ನು ತಿಳಿಯಬೇಕಾದವರು ಆ ಸುಂದರ ಚಿತ್ರಗಳ ಪಕ್ಕದಲ್ಲಿ ಹಳೆಯ ಪತ್ರಗಳನ್ನೂ ಪ್ರವಾಸಕಥನಗಳನ್ನೂ ಇಟ್ಟುಕೊಂಡೇ ಓದಬೇಕು.